ಕೌದಿಯ ಹೊಟ್ಟೆ

ವೀರವ್ವನ ಟ್ರಂಕು ಪಡಸಾಲೆಗೆ ಬಂದ ದಿನ ಆ ಮನೆಯಲ್ಲಿ ಮಧ್ಯಾಹ್ನದ ಊಟ ಮೂರು ಗಂಟೆಗೆ ಆಯಿತು.

ಟ್ರಂಕನ್ನು ಒಳಗಿನ ಕೋಣೆಯಿಂದ ಎಳೆದು ತಂದವಳು ಮೊಮ್ಮಗಳು ಐಶ್ವರ್ಯ. ಮುಚ್ಚಳ ತೆಗೆದೊಡನೆ ಡಾಂಬರ ಗುಳಿಗೆಯ ವಾಸನೆ ಎದ್ದಿತು. ಒಣಗಿದ ಬೇವಿನ ಎಲೆಗಳು ಪುರುಪುರು ಉದುರಿದವು. ಒಳಗೆ ಹನ್ನೊಂದು ಇಳಕಲ್ ಸೀರೆಗಳು. ಉಟ್ಟು ಉಟ್ಟು, ಒಗೆದು ಒಗೆದು, ಕೈಯಲ್ಲಿ ಹಿಡಿದರೆ ನೀರಿನಂತೆ ಜಾರುವಷ್ಟು ಮೆತ್ತಗಾಗಿದ್ದವು. ಹೊರಗೆ ಸವಣೂರಿನ ಪೇಟೆಯ ಮೇಲೆ ಆಷಾಢದ ಜಿಟಿಜಿಟಿ ಮಳೆ. ಬೆಳಕಿಂಡಿಯಿಂದ ಬೀಳುತ್ತಿದ್ದ ಮಂದ ಬೆಳಕಿನಲ್ಲಿ ವೀರವ್ವ ಒಂದೊಂದೇ ಸೀರೆಯನ್ನು ತೊಡೆಯ ಮೇಲೆ ಹಾಸಿಕೊಂಡು, ಅಂಗೈಯಿಂದ ಸವರುತ್ತ ಕುಳಿತಿದ್ದಳು.

"ಆಯಿ, ಕೊಡ್ತೀಯೋ ಇಲ್ಲೋ ಹೇಳು," ಎಂದಳು ಐಶ್ವರ್ಯ. ಅಜ್ಜಿಯನ್ನು ಅವಳು ಚಿಕ್ಕಂದಿನಿಂದ ಕರೆಯುತ್ತಿದ್ದುದೇ ಹಾಗೆ.

"ತಡಿಯವಾ. ಇನ್ನೂ ಮಾತಾಡಸಾಕತ್ತೇನಿ."

ಐಶ್ವರ್ಯಳಿಗೆ ಇಪ್ಪತ್ನಾಲ್ಕು. ಧಾರವಾಡದಲ್ಲಿ ಬಟ್ಟೆ ವಿನ್ಯಾಸದ ಕೋರ್ಸು ಮುಗಿಸಿ, ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ವರ್ಷ ದುಡಿದು ಊರಿಗೆ ಬಂದಿದ್ದಳು. ಬಂದವಳು ಸುಮ್ಮನೆ ಬಂದಿರಲಿಲ್ಲ. ಬೆಂಗಳೂರಿನ ಒಂದು ಏಜೆನ್ಸಿಯ ಮೂಲಕ ಡೆನ್ಮಾರ್ಕಿನ ಅಂಗಡಿಯೊಂದು ಅವಳಿಗೆ ಇಪ್ಪತ್ತು ಕೌದಿಗಳ ಆರ್ಡರ್ ಕೊಟ್ಟಿತ್ತು. ಕರಾರು ಒಂದೇ: ಬಟ್ಟೆ ಹಳೆಯದಿರಬೇಕು, ಮೈಮೇಲೆ ಉಟ್ಟು ಸವೆದದ್ದಿರಬೇಕು, ಅಪ್ಪಟ ಹತ್ತಿಯದಿರಬೇಕು. ಓಣಿಯ ಮನೆಮನೆಗೆ ಹೋಗಿ ಅವಳು ಹಳೆ ಸೀರೆ ಕೂಡಿಸಿದ್ದಳು. ಮೇಲಿನ ಪದರಕ್ಕೆ ಮಾತ್ರ ಆಯಿಯ ಸೀರೆಗಳೇ ಬೇಕಿದ್ದವು.

ಹಸಿದು ಬಂದ ಮಾಲತೇಶ ಹೊಸ್ತಿಲಲ್ಲೇ ನಿಂತ. ವೀರವ್ವನ ಮಗ, ಐಶ್ವರ್ಯಳ ಅಪ್ಪ ಅವನು. ಪೇಟೆಯಲ್ಲಿ ಅವನದು ಹಾಸಿಗೆ ಹೊದಿಕೆಯ ಅಂಗಡಿ. ಪಾಣಿಪತ್‌ನಿಂದ ಬರುವ ದಪ್ಪ ಬ್ಲ್ಯಾಂಕೆಟ್‌ಗಳನ್ನು, ಹುಲಿಯ ಚಿತ್ರದ್ದು, ನವಿಲಿನ ಚಿತ್ರದ್ದು, ಬಾಗಿಲಿಗೆ ತೂಗುಹಾಕಿ ಮಾರುತ್ತಿದ್ದ.

"ಊರಿಗೆಲ್ಲಾ ನಾನು ಬ್ಲ್ಯಾಂಕೆಟ್ ಮಾರ್ತೇನಿ. ನನ್ನ ಮನ್ಯಾಗ ಹಳೀ ಸೀರಿ ಹೊಲದು ಮಾರೂದು ಶುರು ಆತೇನು?"

"ಅಪ್ಪಾ, ಅಲ್ಲಿ ಮಂದಿ ನಿಮ್ಮ ಹುಲಿ ಬ್ಲ್ಯಾಂಕೆಟ್ ಕೇಳೂದಿಲ್ರಿ. ಇದನ್ನ ಕೇಳ್ತಾರ."

"ಕೌದಿ ಹೊಲಿಯೋರು ನಮ್ಮ ಹಿತ್ತಲಕ್ಕ ಬರ್ತಿದ್ರವಾ. ಅವ್ವ ಅವರಿಗೆ ಜ್ವಾಳ ಹಾಕಿ ಹೊಲಿಸ್ತಿದ್ಲು. ಈಗ ನಾವ ಹೊಲಿಯೋರು ಆದ್ವಿ. ಪ್ಯಾಟ್ಯಾಗ ನಾಳೆ ನನ್ನ ಏನಂತ ಕರೀತಾರ?"

"ಹೆಸರು ಹಿಡದ ಕರೀತಾರ. ಕೈ ತೊಳಕೋ ಹೋಗು," ಎಂದಳು ವೀರವ್ವ. ಆಮೇಲೆ ಮೊಮ್ಮಗಳ ಕಡೆ ತಿರುಗಿದಳು. "ಕೌದಿ ಮಾರೂದು ನನಗೂ ಸೇರೂದಿಲ್ಲ. ಬಾಣಂತಿಗೆ ಕೊಡ್ತಿದ್ವಿ, ಗಂಡನ ಮನಿಗೆ ಹೋಗೂ ಮಗಳಿಗೆ ಕೊಡ್ತಿದ್ವಿ. ಆದ್ರ ನೀ ಕೇಳಾಕತ್ತೀ. ಒಂಬತ್ತು ತಗೋ. ಎರಡು ನನಗ ಇರ್ಲಿ. ಹೊಲಿಯೂದು ಮಾತ್ರ ನಾ ಹೇಳಿದ್ಹಂಗ ಆಗಬೇಕು."

"ಆಗ್ಲಿ ಆಯಿ, ಆಗ್ಲಿ," ಎಂದಳು ಐಶ್ವರ್ಯ. ಅಷ್ಟರಲ್ಲಾಗಲೇ ಅವಳು ಸೀರೆಗಳ ಫೋಟೋ ತೆಗೆಯುತ್ತಿದ್ದಳು.

ಅಡಿಗೆಮನೆಯಿಂದ ಐಶ್ವರ್ಯಳ ತಾಯಿ ಜಯಶ್ರೀ ಬಂದಳು. ಕೈ ತುಂಬ ಹಿಟ್ಟು, ಬಗಲಲ್ಲಿ ಒಂದು ಗುಲಾಬಿ ಬಣ್ಣದ ಮಿಂಚುವ ಸೀರೆ. "ಇದೂ ಇರ್ಲಿ. ನನ್ನ ಮದುವಿದು."

ಮಗಳು ನಕ್ಕಳು. "ಅವ್ವಾ, ಇದು ಪಾಲಿಸ್ಟರ್. ಅವರು ಕೈಲೆ ಮುಟ್ಟೂದಿಲ್ಲ."

"ನಮ್ಮ ಕಾಲದಾಗ ಎಲ್ಲಾರೂ ಇದನ್ನ ಉಡ್ತಿದ್ವಿ," ಎಂದಳು ಜಯಶ್ರೀ. ಸೀರೆಯನ್ನು ಮತ್ತೆ ಒಳಗೆ ಒಯ್ದಳು. "ರೊಟ್ಟಿ ಆರಾಕತ್ತಾವು, ಬರ್ರಿ ಎಲ್ಲಾರೂ."

ಮರುದಿನದಿಂದ ಯಂಕವ್ವ ಬರತೊಡಗಿದಳು. ಐವತ್ತು ದಾಟಿದ ಹೆಂಗಸು, ಕೌದಿ ಹೊಲಿಯುವುದರಲ್ಲಿ ಊರಿಗೇ ಹೆಸರಾದವಳು. ಜೊತೆಗೆ ಅವಳ ಓಣಿಯ ಇಬ್ಬರು. ಪಡಸಾಲೆಯನ್ನು ಒರೆಸಿ, ಹಳೆ ಬಟ್ಟೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ವೀರವ್ವನ ಸೀರೆಯ ತುಂಡುಗಳನ್ನು ಹರಡಿ, ವೀರವ್ವನೂ ಸೇರಿ ನಾಲ್ಕೂ ಕಡೆ ಒಬ್ಬೊಬ್ಬರು ಕುಳಿತು ಸೂಜಿ ಹಿಡಿದರೆ ಮನೆ ತಣ್ಣಗಾಗುತ್ತಿತ್ತು. ದಾರ ಬಟ್ಟೆಯ ಒಳಗೆ ಹೋಗಿ ಹೊರಬರುವ ಸದ್ದು, ಬಳೆಗಳ ಸದ್ದು, ಹೊರಗೆ ಮಳೆಯ ಸದ್ದು. ಮಾತು ಆಗಾಗ ಹುಟ್ಟಿ ಅಲ್ಲಲ್ಲೇ ಕರಗುತ್ತಿತ್ತು. ಒಂದು ಕೌದಿ ಮುಗಿಯುವ ಹೊತ್ತಿಗೆ ಹೊಲಿಗೆಯ ಎಳೆಗಳು ಉತ್ತ ಹೊಲದ ಸಾಲುಗಳಂತೆ ಒಂದರ ಪಕ್ಕ ಒಂದು ಮಲಗಿರುತ್ತಿದ್ದವು.

ವೀರವ್ವನಿಗೆ ಕನಸು ಬೀಳತೊಡಗಿದವು. ಮುಂಜಾನೆ ಚಹಾ ಮಂಡಕ್ಕಿಯ ಹೊತ್ತಿಗೆ ಅವನ್ನು ಪೇಟೆಗೆ ಹೋಗಿ ಬಂದವಳಂತೆ ಹೇಳುತ್ತಿದ್ದಳು.

"ನಿನ್ನಿ ನನ್ನ ಹಸರು ಸೀರಿ ಹಿಂದ ಹೋಗಿದ್ದೆ. ಭಾಳ ತಂಪು ಊರು. ಮನಿ ಮುಂದ ಉಪ್ಪಿನ ರಾಶಿ."

"ಅದು ಉಪ್ಪಲ್ಲ ಆಯಿ, ಹಿಮ."

"ಬಾಯಾಗ ಹಾಕ್ಕೊಂಡು ನೋಡಿದೆ. ಸಪ್ಪಗಿತ್ತು. ಒಳಗ ಒಬ್ಬಾಕಿ ಮಲಗಿದ್ಲು. ಪಾದ ಹೊರಗ ಬಿದ್ದಿದ್ವು. ಹೊಚ್ಚಿ ಬಂದೆ."

"ಆಕಿ ಏನಂದ್ಲು?" ಎಂದು ಮಾಲತೇಶ ಪೇಪರಿನ ಹಿಂದಿನಿಂದ ಕೇಳಿದ.

"ನಿದ್ಯಾಗಿದ್ಲಲ್ಲೋ. ಏನಂತಾಳ?"

ಕನಸು ಕೇಳಲು ಎಲ್ಲರಿಗೂ ಪುರುಸೊತ್ತಿತ್ತು, ಜಯಶ್ರೀಗೆ ಮಾತ್ರ ಇರಲಿಲ್ಲ. ಮನೆಯವರಿಗೆ, ಹೊಲಿಯುವವರಿಗೆ ಸೇರಿ ದಿನಕ್ಕೆ ಮೂವತ್ತು ರೊಟ್ಟಿ. ಅದರ ಮೇಲೆ ಒಂದು ದಿನ ಪುಂಡಿ ಪಲ್ಲೆ, ಒಂದು ದಿನ ಝುಣಕ. ಮೂರನೆಯ ವಾರದ ಒಂದು ಮಧ್ಯಾಹ್ನ ಅವಳು ತಟ್ಟುತ್ತಿದ್ದ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಪಡಸಾಲೆಗೆ ಬಂದಳು.

"ಐಶೂ, ನಿನಗ ಡೆನ್ಮಾರ್ಕ್, ನನಗ ರೊಟ್ಟಿ. ಇದು ಎಷ್ಟ ದಿನಾ?"

"ನಾಳಿಂದ ಖಾನಾವಳಿಯಿಂದ ತರಸೋಣಂತ ಅವ್ವಾ."

"ಮನಿಗೆ ಬಂದು ಕುಂತ ಹೆಣ್ಣಮಕ್ಕಳಿಗೆ ಖಾನಾವಳಿ ಊಟ ಹಾಕಂತೀಯೇನು?"

"ಮತ್ತ ಏನ್ ಮಾಡಂತೀ?"

"ಏನೂ ಅನ್ನೂದಿಲ್ಲ. ಒಮ್ಮಿ ಒಳಗ ಬಂದು ನೋಡು ಅಂತೇನಿ, ಅಷ್ಟ."

ಆ ದಿನ ಐಶ್ವರ್ಯ ಒಳಗೆ ಹೋಗಿ ಆರು ರೊಟ್ಟಿ ತಟ್ಟಿದಳು. ನಾಲ್ಕು ಹರಿದವು. ಮರುದಿನ ಫೋನು ಬಂತೆಂದು ಹೋಗಲಿಲ್ಲ.

ಮಾಲತೇಶನ ಗೊಣಗಾಟ ಕಡಿಮೆಯಾದದ್ದು ಹೀಗೆ. ಶ್ರಾವಣದ ಒಂದು ಸೋಮವಾರ ಊಟ ಮಾಡಿ ಎದ್ದವನು, ಕಾಲಿಡಲು ಜಾಗವಿಲ್ಲದೆ, ಅರ್ಧ ಹೊಲಿದ ಕೌದಿಯ ಅಂಚಿಗೆ ಕುಳಿತ. ಕುಳಿತವನು ಒರಗಿದ. ಒರಗಿದವನಿಗೆ ಕಣ್ಣು ಹತ್ತಿತು. ಯಂಕವ್ವ ಎಬ್ಬಿಸಲು ಹೋದಾಗ ವೀರವ್ವ ಬೇಡವೆಂದು ಕೈ ಮಾಡಿದಳು. ಹೆಂಗಸರು ಸರಿದು ಕುಳಿತು, ಅವನ ಸುತ್ತ ಮೆಲ್ಲಗೆ ಹೊಲಿಯುತ್ತ ಹೋದರು. ಬೆಳಕಿಂಡಿಯ ಬೆಳಕು ಅವನ ಕಾಲಿನಿಂದ ಹೊಟ್ಟೆಗೆ, ಹೊಟ್ಟೆಯಿಂದ ಮುಖಕ್ಕೆ ಏರಿತು. ಎಚ್ಚರವಾದಾಗ ಅವನ ಅಂಗಿಯ ತೋಳು ಇಷ್ಟರಲ್ಲೇ ಹೊಲಿಗೆಗೆ ಸಿಗುವಂತಿತ್ತು.

"ಅರ್ಧ ತಾಸು ಆತೇನು?"

"ಎರಡು ತಾಸ್ರಿ," ಎಂದಳು ಯಂಕವ್ವ.

ಅವನು ಅಂಗಿ ಕೊಡವಿಕೊಂಡು ಅಂಗಡಿಗೆ ಹೋದ. ಕೆಲವು ದಿನಗಳ ಮೇಲೆ ಕೌದಿಗಳನ್ನು ತುಂಬಲು ತನ್ನ ಅಂಗಡಿಯಿಂದಲೇ ಜಿಪ್ ಇದ್ದ ಪ್ಲಾಸ್ಟಿಕ್ ಚೀಲಗಳನ್ನು ತಂದುಕೊಟ್ಟ.

ಪ್ರತಿ ಕೌದಿಯ ಕೊನೆಯ ಮೂಲೆಯನ್ನು ವೀರವ್ವ ತಾನೇ ಮುಚ್ಚುತ್ತಿದ್ದಳು. ಹಿತ್ತಲಿನ ಕಟ್ಟೆಗೆ ಒಯ್ದು, ತೊಡೆಯ ಮೇಲೆ ಹಾಕಿಕೊಂಡು, ಎಲ್ಲರಿಗೂ ಬೆನ್ನು ತಿರುಗಿಸಿ ಹೊಲಿಯುತ್ತಿದ್ದಳು. ಯಂಕವ್ವನಿಗೆ ಅದು ಹೊಸದೇನಲ್ಲ. ಐಶ್ವರ್ಯ, ಆಯಿಗೆ ಬೆಳಕು ಬೇಕೇನೋ ಎಂದುಕೊಂಡಳು.

ಭಾದ್ರಪದದ ಹೊತ್ತಿಗೆ ಇಪ್ಪತ್ತೂ ಮುಗಿದವು. ಅಫ್ಜಲನ ಟೆಂಪೋದಲ್ಲಿ ಹುಬ್ಬಳ್ಳಿಗೆ, ಅಲ್ಲಿಂದ ಬೆಂಗಳೂರಿಗೆ ಹೋದವು. ಟೆಂಪೋ ತಿರುವು ದಾಟುವವರೆಗೆ ವೀರವ್ವ ಬಾಗಿಲಲ್ಲಿ ನಿಂತಿದ್ದಳು.

ಹತ್ತನೆಯ ದಿನ ಏಜೆನ್ಸಿಯಿಂದ ಫೋನು ಬಂತು. ಐಶ್ವರ್ಯ ಊಟಕ್ಕೆ ಕುಳಿತಿದ್ದಳು. ಸ್ಪೀಕರಿನಲ್ಲಿ ಒಬ್ಬ ಹೆಣ್ಣುಮಗಳ ಬೆಂಗಳೂರಿನ ಮಾತು.

"ಮೇಡಂ, ನಿಮ್ಮ ಕೌದಿಗಳ ಮೂಲೇಲಿ ಜೋಳ ಇದೆ."

"ಏನ್ ಇದೆ?"

"ಜೋಳ. ಐದೈದು ಕಾಳು. ಎರಡರಲ್ಲಿ ನುಸಿ ಆಗಿದೆ, ಬಟ್ಟೆಗೂ ತೂತು ಬಿದ್ದಿದೆ. ಕಾಳು ಕಡಿ ಇಟ್ಟು ಹೊರದೇಶಕ್ಕೆ ಕಳಿಸೋ ಹಾಗಿಲ್ಲ. ಇಪ್ಪತ್ತನ್ನೂ ವಾಪಸ್ ಕಳಿಸ್ತಿದೀವಿ. ಬಿಚ್ಚಿ, ತೆಗೆದು, ಹೊಲಿದು ಹದಿನೈದು ದಿನದಲ್ಲಿ ಮುಟ್ಟಿಸಿ. ಇಲ್ಲದಿದ್ರೆ ಅವರು ಆರ್ಡರ್ ಬಿಡ್ತಾರೆ."

ಐಶ್ವರ್ಯ ಫೋನು ಇಟ್ಟಳು. ವೀರವ್ವ ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟಳು.

"ನಾನ ಇಟ್ಟೇನಿ," ಎಂದಳು.

"ಆಯಿ! ಯಾಕ?"

"ಯಾಕಂದ್ರ? ಕೌದಿಗೆ ಹೊಟ್ಟಿ ಇರ್ತೈತಿ. ಹಸದ ಕೌದಿ ಮನಿ ಬಿಟ್ಟು ಹೋಗಬಾರದು. ನಮ್ಮವ್ವ ಇಡ್ತಿದ್ಲು, ಆಕಿ ಅವ್ವ ಇಡ್ತಿದ್ಲು. ನಾ ಹೇಳಿದ್ಹಂಗ ಹೊಲಿಯೂದು ಅಂತ ಮೊದಲ ಹೇಳಿದ್ದೆ. ಆಗ್ಲಿ ಅಂದಿ."

"ಅವರಿಗೆ ಜ್ವಾಳ ಅಂದ್ರ ಏನಂತ ಗೊತ್ತಿಲ್ಲ! ಹುಳಾ ಅಂತಾರ, ಕಸಾ ಅಂತಾರ. ಮೂರು ತಿಂಗಳ ಕೆಲಸ ಮಣ್ಣಾತು."

"ನನ್ನ ಸೀರಿ ಸುತಾ ಅದರಾಗ ಅದಾವು. ಅವೂ ಮಣ್ಣಾದವೇನು?"

"ನಾ ಅದನ್ನ ಅನ್ನಲಿಲ್ಲ."

"ಅಂದಿ. ಬಿಚ್ಚಕೋ ನಿನ್ನ ಕೌದಿ. ಬಿಚ್ಚಿ ನನ್ನ ಒಂಬತ್ತು ಸೀರಿ ನನಗ ಕೊಡು."

"ತುಂಡ ಮಾಡೇವಿ, ಹೆಂಗ ಕೊಡ್ಲಿ?"

"ಅದನ್ನ ನೀ ವಿಚಾರ ಮಾಡು," ಎಂದು ವೀರವ್ವ ಎದ್ದು ಹೋದಳು. ಮಾಲತೇಶ ಮಗಳನ್ನೊಮ್ಮೆ, ತಾಯಿಯ ಬೆನ್ನನ್ನೊಮ್ಮೆ ನೋಡಿ, ತಟ್ಟೆಯಲ್ಲಿದ್ದ ಅನ್ನವನ್ನು ಸುಮ್ಮನೆ ಕಲಸಿದ.

ಮೂರನೆಯ ದಿನ ಗಂಟುಗಳು ಹಿಂದಿರುಗಿದವು. ಅಫ್ಜಲನ ಜೊತೆ ಮಾಲತೇಶ ತಾನೇ ಒಂದೊಂದು ಗಂಟನ್ನು ಹೆಗಲ ಮೇಲೆ ಹೊತ್ತು ಒಳಗೆ ತಂದ. ಎದುರಿನ ಅಂಗಡಿಯವರು ನೋಡುತ್ತಿದ್ದರು. ಅವನು ಅವರತ್ತ ತಿರುಗಲಿಲ್ಲ.

ಐಶ್ವರ್ಯ ಯಂಕವ್ವನಿಗೆ ಹೇಳಿಕಳಿಸಿದಳು. ಯಂಕವ್ವ ಜೊತೆಯವರೊಡನೆ ಬಂದಳು, ಬ್ಲೇಡು ನೋಡಿದಳು, ಹಿಂದೆ ಸರಿದಳು.

"ಏನರ ಹೇಳ್ರಿ, ಮಾಡ್ತೇನಿ. ಕೌದಿ ಹೊಟ್ಟಿ ಕೊಯ್ಯೂದು ನನ್ನ ಕೈಲೆ ಆಗೂದಿಲ್ರಿ."

"ಬರೇ ಒಂದು ಮೂಲಿ ಬಿಚ್ಚೂದು, ಯಂಕವ್ವಾ."

"ನಿಮಗ ಮೂಲಿರಿ ಅದು," ಎಂದು ಯಂಕವ್ವ ಚಪ್ಪಲಿ ಮೆಟ್ಟಿದಳು. ಉಳಿದಿಬ್ಬರೂ ಅವಳ ಹಿಂದೆಯೇ ಹೋದರು.

ಮನೆಯಲ್ಲಿ ಅಜ್ಜಿ ಮೊಮ್ಮಗಳ ನಡುವೆ ಮಾತು ನಿಂತಿತು. ವೀರವ್ವ ಮುಂಜಾನೆ ಲಿಂಗಪೂಜೆ ಮುಗಿಸಿ, ಹಿತ್ತಲಲ್ಲಿ ಕುಳಿತು ಅಲ್ಲೇ ಉಣ್ಣುತ್ತಿದ್ದಳು. ಕನಸು ಹೇಳುವುದನ್ನೂ ಬಿಟ್ಟಳು. ಐಶ್ವರ್ಯ ಒಂದು ಕೌದಿಯನ್ನು ಬಿಚ್ಚಲು ಕುಳಿತು, ಮೂಲೆಯಲ್ಲಿ ಆಯಿಯ ಸಣ್ಣ ಸಣ್ಣ ಹೊಲಿಗೆ ನೋಡಿ, ಬ್ಲೇಡು ಕೆಳಗಿಟ್ಟು ಅತ್ತಳು. ಅದು ಜಯಶ್ರೀಯ ಕಣ್ಣಿಗೆ ಬಿತ್ತು.

ಮರುದಿನ ಮುಂಜಾನೆ ಅವಳು ಹಿತ್ತಲಿಗೆ ಚಹಾ ಒಯ್ದಳು. ಕೊಟ್ಟು ಹಿಂದಿರುಗದೆ ಅತ್ತೆಯ ಪಕ್ಕ ಕಟ್ಟೆಯ ಮೇಲೆ ಕುಳಿತಳು.

"ಅತ್ತೀ, ಜ್ವಾಳ ಬ್ಯಾಡಂದ್ರ ಬ್ಯಾರೆ ಏನ್ ಇಡಬಹುದ್ರಿ?"

"ಹೊಟ್ಟಿಗೆ ಅಂದಮ್ಯಾಲೆ ಉಣ್ಣೂದ ಇಡಬೇಕು. ಬ್ಯಾರೆ ಏನ್ ಇಡ್ತೀ?"

ಜಯಶ್ರೀ ಸೆರಗಿನಲ್ಲಿ ಮುಚ್ಚಿಕೊಂಡಿದ್ದ ಒಂದು ಅರಿವೆಯನ್ನು ಹೊರಗೆ ತೆಗೆದಳು. ಒಂದು ಕಾಲಕ್ಕೆ ಬಿಳಿಯದಾಗಿದ್ದ, ಈಗ ಕೆನೆಯ ಬಣ್ಣಕ್ಕೆ ತಿರುಗಿದ ಹತ್ತಿಯ ಬಟ್ಟೆ.

"ಇದು ರೊಟ್ಟಿ ಸುತ್ತೂ ಅರಿವಿರಿ. ನಮ್ಮಪ್ಪನ ಧೋತರದ ತುಂಡು. ಹಿರೇಕೆರೂರಿಂದ ಬರೂ ಮುಂದ ನಮ್ಮವ್ವ ರೊಟ್ಟಿ ಕಟ್ಟಿ ಕೊಟ್ಟಿದ್ಲು. ಇಪ್ಪತ್ತಾರು ವರ್ಷ ಆತು. ದಿನಾ ಇದರಾಗ ರೊಟ್ಟಿ ಸುತ್ತೇನಿ. ಹಬ್ಬ ಇರ್ಲಿ, ಸೂತಕ ಇರ್ಲಿ, ನೀವು ದವಾಖಾನ್ಯಾಗ ಇದ್ದಾಗ ಸುತಾ. ಈ ಮನ್ಯಾಗ ಇದರಷ್ಟು ಊಟ ಕಂಡ ಅರಿವಿ ಬ್ಯಾರೆ ಇಲ್ಲ. ಇದನ್ನ ಇಪ್ಪತ್ತು ತುಂಡು ಮಾಡಿ ಇಟ್ರ ಹೊಟ್ಟಿ ತುಂಬೂದಿಲ್ಲೇನ್ರಿ?"

ವೀರವ್ವ ಅರಿವೆಯನ್ನು ಕೈಗೆ ತೆಗೆದುಕೊಂಡು ಮೂಗಿಗೆ ಹಿಡಿದಳು. ಬಹಳ ಹೊತ್ತು ಹಾಗೇ ಹಿಡಿದಿದ್ದಳು. ನುಗ್ಗೆಯ ಗಿಡದಿಂದ ರಾತ್ರಿಯ ಮಳೆಯ ಹನಿಗಳು ಇನ್ನೂ ಬೀಳುತ್ತಿದ್ದವು.

"ರೊಟ್ಟಿ ವಾಸನಿ ಬರ್ತೈತಿ."

"ಕುದಿಸಿ ಒಗೀಬೇಕಾಗ್ತೈತ್ರಿ. ವಾಸನಿ ಉಳಿಯೂದಿಲ್ಲ."

"ಹೋಗ್ಲಿ. ಅರಿವಿಗೆ ಗೊತ್ತಿರ್ತೈತಿ." ವೀರವ್ವ ಅದನ್ನು ಮಡಚಿ ಸೊಸೆಯ ಮಡಿಲಲ್ಲಿ ಇಟ್ಟಳು. "ನೀ ಬಿಚ್ಚು. ನೀ ಬಿಚ್ಚಿದ್ರ ಕೌದಿಗೆ ಸಿಟ್ಟು ಬರೂದಿಲ್ಲ. ಮುಚ್ಚೂದು ನಾ ಮಾಡ್ತೇನಿ."

ಐಶ್ವರ್ಯ ಏಜೆನ್ಸಿಗೆ ಫೋನು ಮಾಡಿ ಇದ್ದದ್ದನ್ನು ಇದ್ದ ಹಾಗೆ ಕೇಳಿದಳು: ಅವ್ವ ರೊಟ್ಟಿ ಸುತ್ತುತ್ತಿದ್ದ ಹತ್ತಿಯ ಅರಿವೆಯನ್ನು ಕುದಿಸಿ ಒಗೆದು, ಅದರ ತುಂಡೊಂದನ್ನು ಆಯಿ ಮೂಲೆಯೊಳಗೆ ಇಡಬಹುದೇ? ಬಟ್ಟೆಯಾದರೆ ಅಡ್ಡಿಯಿಲ್ಲ ಎಂದರು.

ಎರಡು ದಿನ ಜಯಶ್ರೀ ಅಡಿಗೆಮನೆಯ ಕಡೆ ಹೋಗಲಿಲ್ಲ. ಪಡಸಾಲೆಯಲ್ಲಿ ಕುಳಿತು ಇಪ್ಪತ್ತು ಮೂಲೆಗಳನ್ನು ಬಿಚ್ಚಿದಳು. ಸೊಸೆ ಬಿಚ್ಚಿ ಸರಿಸಿದ್ದನ್ನು ಅತ್ತೆ ಎಳೆದುಕೊಂಡು ತುಂಡು ಇಟ್ಟು ಹೊಲಿದಳು. ನುಸಿ ಬಿದ್ದ ಎರಡನ್ನು ಝಾಡಿಸಿ, ಬಿಸಿಲಿಗೆ ಹಾಕಿ, ತೂತಿಗೆ ತೇಪೆ ಕೊಟ್ಟರು. ಐಶ್ವರ್ಯ ಅಡಿಗೆ ಮಾಡಿದಳು. ಅನ್ನ ಒಂದು ದಿನ ಮೆತ್ತಗಾಯಿತು, ಒಂದು ದಿನ ಹತ್ತಿತು. ಎಲ್ಲರೂ ಅದನ್ನೇ ಉಂಡರು. ಸಂಜೆ ಯಂಕವ್ವ ತಾನಾಗಿಯೇ ಬಂದು, ಬಾಗಿಲಲ್ಲಿ ನಿಂತು ನೋಡಿ, ಒಳಗೆ ಬಂದು ಸೂಜಿಗೆ ದಾರ ಪೋಣಿಸಿದಳು. ಇಪ್ಪತ್ತು ಕೌದಿಯ ಜೋಳ ಒಂದು ಸಣ್ಣ ಬಟ್ಟಲಿನ ತಳ ಮುಚ್ಚುವಷ್ಟೂ ಆಗಲಿಲ್ಲ. ವೀರವ್ವ ಅದನ್ನು ಹಿತ್ತಲ ಗೋಡೆಯ ಮೇಲೆ ಸುರಿದಳು, ಗುಬ್ಬಿಗಳು ಬಂದವು.

ಕಳಿಸುವ ಹಿಂದಿನ ದಿನ ಏಜೆನ್ಸಿಯ ಹೆಣ್ಣುಮಗಳು ಮತ್ತೆ ಫೋನು ಮಾಡಿದಳು.

"ಮೇಡಂ, ಆ ರೊಟ್ಟಿ ಬಟ್ಟೆ ವಿಷಯ ಲೇಬಲ್ ಮೇಲೆ ಬರೀರಿ. ಅಜ್ಜಿ, ಸೊಸೆ, ರೊಟ್ಟಿ, ಎಲ್ಲಾ. ಅಲ್ಲಿ ಜನಕ್ಕೆ ತುಂಬಾ ಇಷ್ಟ ಆಗುತ್ತೆ. ಬೆಲೇನೂ ಜಾಸ್ತಿ ಸಿಗುತ್ತೆ."

ಐಶ್ವರ್ಯ ಫೋನಿಗೆ ಕೈ ಅಡ್ಡ ಹಿಡಿದು ಆಯಿಗೆ ಹೇಳಿದಳು. ಜಗಳದ ನಂತರ ಅವಳು ಆಯಿಯೊಡನೆ ನೇರವಾಗಿ ಆಡಿದ ಮೊದಲ ಮಾತು ಅದು.

ವೀರವ್ವ ಸೂಜಿಯಿಂದ ಕಣ್ಣೆತ್ತಲಿಲ್ಲ. "ಒಬ್ಬರಿಗೆ ಊಟಕ್ಕ ಹಾಕಿ, ಊಟಕ್ಕ ಹಾಕೇನಿ ಅಂತ ಚೀಟಿ ಅಂಟಸ್ತಾರೇನವಾ?"

ಐಶ್ವರ್ಯ ಫೋನು ಕಿವಿಗೆ ಹಿಡಿದಳು. "ಬ್ಯಾಡ್ರಿ ಮೇಡಂ. ಬಟ್ಟಿ ಹಳೇದು, ಕೈಲೆ ಹೊಲಿದದ್ದು ಅಂತ ಅಷ್ಟ ಹಾಕ್ರಿ."

ಅಂದು ಇಳಿಹೊತ್ತಿಗೆ ಪಡಸಾಲೆಯಲ್ಲಿ ಒಟ್ಟಿದ್ದ ಇಪ್ಪತ್ತು ಕೌದಿಗಳ ಮೇಲೆ ಜಯಶ್ರೀ ಸ್ವಲ್ಪ ಒರಗುತ್ತೇನೆಂದು ಒರಗಿದಳು. ದೀಪ ಹಚ್ಚುವ ಹೊತ್ತಾದರೂ ಏಳಲಿಲ್ಲ. ಮಾಲತೇಶ ತಾನೇ ಚಹಾಕ್ಕೆ ಇಟ್ಟ.

ಕೌದಿಗಳು ಈ ಸಲ ಹಡಗು ಹತ್ತಿದವು. ಎರಡು ತಿಂಗಳ ಮೇಲೆ ಒಂದು ಫೋಟೋ ಬಂತು. ಬಿಳಿ ಗೋಡೆಯ ಕೋಣೆ, ಮಂಚ, ಮಂಚದ ಮೇಲೆ ವೀರವ್ವನ ಹಸಿರು ಸೀರೆ, ಕಿಟಕಿಯಾಚೆ ಮಬ್ಬು. ವೀರವ್ವ ಫೋನನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದಳು. "ಮಂಚ ನಾ ನೋಡಿದ್ದಲ್ಲ ಇದು. ಇದು ಬ್ಯಾರೆ ಮನಿ," ಎಂದಳು. ಫೋಟೋದ ಜೊತೆಗೆ ಐವತ್ತು ಕೌದಿಗಳ ಹೊಸ ಆರ್ಡರ್ ಇತ್ತು.

ಓಣಿಯಲ್ಲಿ ಹಳೆ ಸೀರೆಗಳು ಉಳಿದಿರಲಿಲ್ಲ. ಹಳ್ಳಿಗಳಿಗೆ ಹೋಗಬೇಕಾಯಿತು. ಜಯಶ್ರೀ, "ನಾನೂ ಬರ್ತೇನಿ," ಎಂದಳು.

"ಮಧ್ಯಾಹ್ನ ನಾನೂ ಅವ್ವನೂ ಏನ್ ಉಣ್ಣೂದು?" ಎಂದ ಮಾಲತೇಶ.

"ಹಿಟ್ಟು ಡಬ್ಬ್ಯಾಗ ಐತ್ರಿ. ಅಂಗಡಿ ಬಾಗಲಾ ಹಾಕೂದು ನಿಮಗ ಬರ್ತೈತಿ."

ತಾಯಿ ಮಗಳು ಶಿಗ್ಗಾವಿಯಲ್ಲಿ ಬಸ್ಸು ಬದಲಿಸಿ ಹಾನಗಲ್ಲಿಗೆ, ಅಲ್ಲಿಂದ ಆಡೂರಿಗೆ ಹೋದರು. ಭತ್ತ ಕೊಯ್ದ ಗದ್ದೆಗಳ ಮೇಲೆ ಹೊಗೆಯಂಥ ಬಿಸಿಲು. ಬಸ್ಸಿನ ಕಿಟಕಿಗೆ ತಲೆಯಾನಿಸಿ ಜಯಶ್ರೀ ದಾರಿಯುದ್ದಕ್ಕೂ ಹೊರಗೆ ನೋಡುತ್ತಿದ್ದಳು. ಆಡೂರಿನಲ್ಲಿ ಗುದ್ಲೆಪ್ಪ ಎಂಬ ರೈತನ ಮನೆಯ ಕಟ್ಟೆಯ ಮೇಲೆ ಅವರನ್ನು ಕೂರಿಸಿ, ಅವನ ಹೆಂಡತಿ ಮಂಜವ್ವ ನೀರು ಬೆಲ್ಲ ಕೊಟ್ಟಳು. ವೀರವ್ವನ ವಾರಿಗೆಯವಳು. ಒಳಗಿನಿಂದ ಒಂದು ನೀಲಿ ಸೀರೆ ತಂದು ಕೊಡಲು ಚಾಚಿದಳು. ಕೊಟ್ಟಳು, ಆದರೆ ಒಂದು ತುದಿಯನ್ನು ಕೈ ಬಿಡಲಿಲ್ಲ.

"ಇದನ್ನ ಯಾರು ಹೊಚಗೋತಾರವಾ?"

ಐಶ್ವರ್ಯ ಡೆನ್ಮಾರ್ಕ್, ಅಂಗಡಿ, ಏಜೆನ್ಸಿ ಎಂದು ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಜಯಶ್ರೀ ಹೇಳಿದಳು:

"ಒಬ್ಬಾಕಿ ಹೆಣ್ಣಮಗಳು ಅದಾಳ್ರಿ. ಮುಂಜಾನಿಂದ ಸಂಜೀ ತನಕ ದುಡೀತಾಳ. ಮಲಗಿದ್ರ ನಿದ್ದಿ ಹತ್ತವಲ್ದು ಅಂತ ಬರದಾಳ."

ಅಂಥ ಪತ್ರ ಯಾರೂ ಬರೆದಿರಲಿಲ್ಲ. ಐಶ್ವರ್ಯ ತಾಯಿಯ ಮುಖ ನೋಡಿದಳು. ಜಯಶ್ರೀ ಮಂಜವ್ವನನ್ನೇ ನೋಡುತ್ತಿದ್ದಳು.

ಮಂಜವ್ವ ಲೊಚಗುಟ್ಟಿದಳು. ನೀಲಿ ಸೀರೆಯ ತುದಿ ಕೈಬಿಟ್ಟು ಒಳಗೆ ಹೋದಳು. ಒಳಗೆ ಪೆಟ್ಟಿಗೆಯ ಚಿಲಕ ತೆಗೆದ ಸದ್ದು ಕೇಳಿತು. ಬಹಳ ಹೊತ್ತಿನ ಮೇಲೆ ಇನ್ನೊಂದು ಸೀರೆ ಹಿಡಿದು ಬಂದಳು. ಬಣ್ಣ ಯಾವುದಿತ್ತೆಂದು ಹೇಳಲಾಗದಷ್ಟು ಮಾಸಿದ್ದು.

"ಇದು ಇನ್ನೂ ಮೆತ್ತಗೈತಿ," ಎಂದಳು. "ಇದನ್ನ ತಲಿ ಕಡೆ ಹಾಕಿ ಹೊಲೀರಿ. ಎಳಕೊಂಡ್ರ ಆಕಿ ಗದ್ದಕ್ಕ ಇದು ಹತ್ತಬೇಕು."